ಪ್ರಾಸ ನುಂಗಿದ ಮಾತು

ಇಂಗ್ಲೆಂಡಿನಲ್ಲಿ ಯಾರಾದರೂ ‘ಯೂಸ್ ಯುವರ್ ಲೋಫ್’ ಎಂದರೆ ಬ್ರೆಡ್ಡು ಹುಡುಕಲು ಹೋಗಬೇಡಿ. ಸ್ವಲ್ಪ ತಲೆ ಓಡಿಸಪ್ಪಾ ಎಂದು ಗದರಿದ್ದಷ್ಟೆ. ಬ್ರೆಡ್ಡಿಗೂ ತಲೆಗೂ ಇರುವುದು ಪ್ರಾಸದ ನಂಟು ಮಾತ್ರ. ‘ಹೆಡ್’ಗೆ ‘ಲೋಫ್ ಆಫ್ ಬ್ರೆಡ್’ ಪ್ರಾಸವಾಯಿತು. ಆಮೇಲೆ ಆ ಪ್ರಾಸವನ್ನೇ ಕತ್ತರಿಸಿ ಬಿಸಾಡಿದರು. ಹೀಗೆಯೇ ‘ಲುಕ್’ಗೆ ‘ಬುಚರ್ಸ್ ಹುಕ್’ ಬಂತು, ಹುಕ್ ಉದುರಿ ‘ಹ್ಯಾವ್ ಎ ಬುಚರ್ಸ್’ ಉಳಿಯಿತು: ಒಮ್ಮೆ ನೋಡು ಎಂದು. ನಮ್ಮ ಹಳಗನ್ನಡದ ಕವಿಗಳು ಸಾಲಿನ ಎರಡನೆಯ ಅಕ್ಷರದಲ್ಲಿ ಪ್ರಾಸ ಹಿಡಿದು ಅದನ್ನು ಬಿಡದೆ ಕಾಪಾಡಿದರು. ಇವರು ಪ್ರಾಸ ಹುಟ್ಟಿಸಿ ತಾವೇ ನುಂಗಿದರು.

ಈ ಕುಚೋದ್ಯದ ತವರು ಲಂಡನ್ನಿನ ಈಸ್ಟ್ ಎಂಡ್, ಕಾಕ್ನಿಗಳ ಊರು. ಚೀಪ್‌ಸೈಡಿನ ಸೇಂಟ್ ಮೇರಿ-ಲೆ-ಬೋ ಚರ್ಚಿನ ಗಂಟೆ ಕೇಳಿಸುವಷ್ಟು ಹತ್ತಿರ ಹುಟ್ಟಿದವನೇ ಅಸಲಿ ಕಾಕ್ನಿ ಎಂಬ ಮಾತಿದೆ. (1941ರ ಬಾಂಬ್ ದಾಳಿಯಲ್ಲಿ ಹಾಳಾದ ಗಂಟೆಗಳು ಮತ್ತೆ ಮೊಳಗಿದ್ದು 1961ರಲ್ಲಿ. ನಡುವೆ ಹುಟ್ಟಿದವರ ಗತಿ ದೇವರೇ ಬಲ್ಲ!)

ಬೀದಿ ವ್ಯಾಪಾರಿಗಳಿಗೆ ಗುಟ್ಟುಮಾತು ಹೊಸದೇನಲ್ಲ. ತಳ್ಳುಗಾಡಿಯವರು ಪದಗಳನ್ನು ತಿರುಗುಮುರುಗು ಮಾಡಿ ‘ಪೆನ್ನಿ’ಯನ್ನು ‘ಯೆನೆಪ್’ ಎನ್ನುತ್ತಿದ್ದುದನ್ನು ಪತ್ರಕರ್ತ ಹೆನ್ರಿ ಮೇಹ್ಯೂ 1851ರಲ್ಲಿ ಬರೆದಿಟ್ಟಿದ್ದಾನೆ. ‘ಬಾಯ್’ ತಿರುಗಿ ಆದ ‘ಯಾಬ್’ ಇವತ್ತಿಗೂ ಪುಂಡ ಹುಡುಗರಿಗೆ ಬೈಗುಳ. ಪ್ರಾಸದ ಆಟವೂ ಸುಮಾರು ಅದೇ ಕಾಲದ್ದು, 1840ರ ದಶಕದ್ದು. 1859ರಲ್ಲಿ ಸ್ಲ್ಯಾಂಗ್ ನಿಘಂಟು ತಂದ ಜಾನ್ ಕ್ಯಾಮ್ಡನ್ ಹಾಟನ್, ಇದು ಲಾವಣಿ ಹಾಳೆಗಳನ್ನು ಹಾಡಿ, ಕೂಗಿ ಮಾರುವವರ ಬಾಯಿಂದ ಬಂದದ್ದು ಎಂದ. ಪೊಲೀಸರಿಗೆ ತಿಳಿಯದಿರಲೆಂದು ಕಳ್ಳರು ಕಟ್ಟಿದ ಭಾಷೆ ಎಂಬ ಕಥೆಯೇ ಹೆಚ್ಚು ಜನಪ್ರಿಯ, ಆದರೆ ನನಗೆ ಹಾಟನ್ ಮಾತೇ ಹಿಡಿಸುತ್ತದೆ. ದಿನವಿಡೀ ಲಾವಣಿ ಕೂಗುವ ನಾಲಿಗೆಗೆ ಪ್ರಾಸ ಅಂಟದೆ ಇರುತ್ತದೆಯೇ?

ಮುಂದೆ ಇದಕ್ಕೆ ಮನುಷ್ಯರ ಹೆಸರುಗಳೂ ಸಿಕ್ಕವು. ಬೆಲ್‌ಫಾಸ್ಟಿನ ಗಾಯಕಿ ರೂಬಿ ಮರ್ರಿಯ ಐದು ಹಾಡುಗಳು 1955ರಲ್ಲಿ ಒಂದೇ ವಾರ ಬ್ರಿಟನ್ನಿನ ಮೊದಲ ಇಪ್ಪತ್ತರಲ್ಲಿದ್ದವು. ಆ ಹಾಡುಗಳು ಈಗ ಎಷ್ಟು ಜನರಿಗೆ ನೆನಪಿವೆಯೋ. ‘ಕರಿ’ಗೆ ‘ಮರ್ರಿ’ ಪ್ರಾಸವಾದ ತಪ್ಪಿಗೆ, ಇಂಡಿಯನ್ ಹೋಟೆಲಿಗೆ ಊಟಕ್ಕೆ ಹೊರಟವರು ಇಂದಿಗೂ ‘ಗೋಯಿಂಗ್ ಫಾರ್ ಎ ರೂಬಿ’ ಎನ್ನುತ್ತಾರೆ. ‘ಓನ್ಲಿ ಫೂಲ್ಸ್ ಆ್ಯಂಡ್ ಹಾರ್ಸಸ್’ನಂಥ ಟಿವಿ ಧಾರಾವಾಹಿಗಳು ಇಂಥ ಮಾತನ್ನು ಮನೆಮನೆಗೆ ಮುಟ್ಟಿಸಿದವು.

ಇಂಗ್ಲಿಷ್ ಕಲಿಯುವವರಿಗೆ ಪುಸ್ತಕಗಳು ಮೊದಲು ಹೇಳಿಕೊಡುವ ‘ಆ್ಯಪಲ್ಸ್ ಆ್ಯಂಡ್ ಪೇರ್ಸ್’ (ಅಂದರೆ ‘ಸ್ಟೇರ್ಸ್’) ಅನ್ನು ಮೆಟ್ಟಿಲು ಹತ್ತುವಾಗ ಯಾರೂ ಗಂಭೀರವಾಗಿ ಬಳಸರು. ಅದು ಪ್ರವಾಸಿಗರ ಟೀ ಕಪ್ಪಿನ ಮೇಲೆ ಅಚ್ಚಾಗಲು ಸರಿ. ಸುಳ್ಳಿಗೆ ‘ಪೋರ್ಕೀಸ್’ ಎನ್ನುವುದನ್ನು ಮಾತ್ರ ಧಾರಾಳವಾಗಿ ಕೇಳಬಹುದು. ‘ಲೈಸ್’ಗೆ ‘ಪೋರ್ಕಿ ಪೈಸ್’, ಪೈಗೆ ಕತ್ತರಿ.

2009ರಲ್ಲಿ ಪೂರ್ವ ಲಂಡನ್ನಿನ ಕೆಲವು ಎಟಿಎಂಗಳು ಕಾಕ್ನಿಯಲ್ಲೂ ಮಾತಾಡತೊಡಗಿದವು. ಕಾರ್ಡು ಹಾಕಿದವರಿಗೆ ಪರದೆ ಕೇಳುತ್ತಿದ್ದುದು ‘ಹಕಲ್‌ಬೆರಿ ಫಿನ್’. ಅಂದರೆ ಪಿನ್.