ಯಾತ್ರೆಯ ಗಾಡಿಯಲ್ಲಿ ಗ್ಯಾಸ್ ಸಿಲಿಂಡರ್

ತುಮಕೂರು, ಗುಬ್ಬಿ, ಕುಣಿಗಲ್ ಕಡೆಯಿಂದ ಶಬರಿಮಲೆಗೋ ಧರ್ಮಸ್ಥಳಕ್ಕೋ ಹೊರಡುವ ಕೆಲವು ಟೆಂಪೊ ಟ್ರಾವೆಲರ್‌ಗಳ ಹಿಂಬದಿಯಲ್ಲಿ ಅಕ್ಕಿ, ಪಾತ್ರೆಗಳ ಜೊತೆ ಒಂದು ಗ್ಯಾಸ್ ಸಿಲಿಂಡರೂ ಇರುತ್ತದೆ. ದಾರಿಯಲ್ಲಿ ನೆರಳು, ನೀರು ಸಿಕ್ಕ ಕಡೆ ಒಲೆ ಹಚ್ಚಿ ಚಿತ್ರಾನ್ನ ಕಲಸಿಕೊಂಡರೆ ಹೋಟೆಲ್ ಖರ್ಚು ಉಳಿಯುತ್ತದೆ, ನಿಜ. ಆದರೆ ಆ ಸಿಲಿಂಡರ್ ಓಡುವ ಗಾಡಿಗೆಂದು ಮಾಡಿದ್ದಲ್ಲ.

ಎಲ್‌ಪಿಜಿ ಎಂದರೆ ಪ್ರೊಪೇನ್ ಮತ್ತು ಬ್ಯುಟೇನ್‌ಗಳ ಮಿಶ್ರಣ. ಒತ್ತಡದಲ್ಲಿ ದ್ರವವಾಗಿರುವ ಅದು ಹೊರಬಂದರೆ ಸುಮಾರು 250 ಪಟ್ಟು ಹಿಗ್ಗುತ್ತದೆ. ನಮ್ಮ ಬೇಸಿಗೆಯಲ್ಲಿ ಸಿಲಿಂಡರಿನೊಳಗಿನ ಒತ್ತಡ ಚದರ ಸೆಂಟಿಮೀಟರಿಗೆ 5 ಕಿಲೋಗ್ರಾಂ ದಾಟುತ್ತದೆ; ಮನೆಯ ಒಲೆಗೆ ಸಾಕಾಗುವುದು ಸುಮಾರು 30 ಗ್ರಾಂ. ಅಷ್ಟಕ್ಕೆ ಇಳಿಸುವುದು ರೆಗ್ಯುಲೇಟರ್. ಅದರೊಳಗೆ ಒಂದು ರಬ್ಬರ್ ಪೊರೆ, ಮೇಲೊಂದು ಸ್ಪ್ರಿಂಗ್, ಕೆಳಗೊಂದು ಪುಟ್ಟ ಸನ್ನೆ ಇವೆ. ಒತ್ತಡ ಏರಿದರೆ ಪೊರೆ ಮೇಲೇಳುತ್ತದೆ, ಸನ್ನೆ ಗ್ಯಾಸಿನ ದಾರಿ ಮುಚ್ಚುತ್ತದೆ. ಇಳಿದರೆ ಸ್ಪ್ರಿಂಗ್ ಒತ್ತಿ ತೆರೆಯುತ್ತದೆ. ಪೊರೆ ಸರಾಗವಾಗಿ ಆಡಲೆಂದು ಮುಚ್ಚಳದಲ್ಲಿ ಸಣ್ಣ ತೂತಿದೆ. ಅದಕ್ಕೆ ರಸ್ತೆಯ ಕೆಸರು ಮೆತ್ತಿಕೊಂಡರೆ ಪೊರೆ ಏಳುವುದಿಲ್ಲ. ಪೊರೆಯೇ ಹರಿದರೆ ಅದೇ ತೂತಿನಿಂದ ಗ್ಯಾಸ್ ಹೊರಗೆ. ಇನ್ನು ಸಿಲಿಂಡರನ್ನು ಅಡ್ಡ ಮಲಗಿಸಿದರೆ ಅನಿಲದ ಬದಲು ದ್ರವವೇ ರೆಗ್ಯುಲೇಟರಿಗೆ ನುಗ್ಗುತ್ತದೆ.

ಗಾಡಿಯಲ್ಲೇ ಗ್ಯಾಸ್ ಜೋಡಿಸಿರುವುದೂ ಉಂಟು. ಅಮೆರಿಕದಲ್ಲಿ ಮನೆಯಂತೆ ಬಳಸುವ ಮೋಟರ್ ಹೋಮ್ ಗಾಡಿಗಳಲ್ಲಿ ಒಲೆ, ಹೀಟರ್, ಎಷ್ಟೋ ಸಲ ಫ್ರಿಜ್ ಕೂಡ ಪ್ರೊಪೇನ್‌ನಿಂದಲೇ ನಡೆಯುತ್ತವೆ. ರೆಗ್ಯುಲೇಟರ್ ಹೆಚ್ಚು ಒತ್ತಡ ಬಿಡುತ್ತಿದ್ದರೆ, ಪೈಪಿನ ಜೋಡಣೆ ಸೋರುತ್ತಿದ್ದರೆ ತಯಾರಕರು ಅಂಥ ಗಾಡಿಗಳನ್ನು ವಾಪಸ್ ಕರೆಸಿ ಪುಕ್ಕಟೆಯಾಗಿ ಸರಿಪಡಿಸಿಕೊಡಬೇಕು. ನಮ್ಮಲ್ಲೂ 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆ ದೋಷವಿರುವ ವಾಹನಗಳನ್ನು ಹೀಗೆ ಕರೆಸಲು ಅವಕಾಶ ಕೊಟ್ಟಿದೆ. ಆದರೆ ನಾವೇ ತಂದಿಟ್ಟ ಸಿಲಿಂಡರ್ ಗಾಡಿಯ ಭಾಗವಲ್ಲ. ಅದನ್ನು ವಾಪಸ್ ಕರೆಸುವ ಕಂಪನಿಯೂ ಇಲ್ಲ.

ಎಲ್‌ಪಿಜಿ ಗಾಳಿಗಿಂತ ಭಾರ. ಸೋರಿದ ಗ್ಯಾಸ್ ನೀರಿನಂತೆ ನೆಲ ಹಿಡಿದು ಸೀಟುಗಳ ಕೆಳಗೆ ಹರಡುತ್ತದೆ. ಗಾಳಿಯಲ್ಲಿ ಶೇ. 2ರಷ್ಟು ಬೆರೆತರೆ ಸಾಕು, ಒಂದು ಕಿಡಿಗೆ ಹೊತ್ತಿಕೊಳ್ಳುತ್ತದೆ. ಗಾಡಿಯ ಒಳಜಾಗ 12 ಘನ ಮೀಟರ್ ಎಂದುಕೊಂಡರೆ ಅಷ್ಟೂ ಜಾಗ ಅಪಾಯಕ್ಕೆ ಸಿಕ್ಕಲು ಅರ್ಧ ಕಿಲೋ ಗ್ಯಾಸ್ ಸಾಕು. ತುಂಬಿದ ಮನೆಬಳಕೆಯ ಸಿಲಿಂಡರಿನಲ್ಲಿರುವುದು 14.2 ಕಿಲೋ. ಕಿಟಕಿ ಮುಚ್ಚಿದ ಎ.ಸಿ. ಗಾಡಿಯಲ್ಲಿ ಜನ ನಿದ್ದೆಗೆ ಜಾರಿದ್ದರೆ, ಎಚ್ಚರಿಸಲೆಂದೇ ಸೇರಿಸಿದ ಮರ್ಕ್ಯಾಪ್ಟನ್ ವಾಸನೆಯೂ ಯಾರನ್ನೂ ಎಬ್ಬಿಸದೆ ಹೋಗಬಹುದು.

2023ರ ಆಗಸ್ಟ್ 26ರ ಬೆಳಗಿನ ಜಾವ ತಮಿಳುನಾಡಿನ ಮಧುರೈಯಲ್ಲಿ ನಿಂತಿದ್ದ ಯಾತ್ರಿಕರ ರೈಲು ಬೋಗಿ ಹೊತ್ತಿ ಉರಿದು 9 ಮಂದಿ ಸತ್ತರು. ನಿಯಮ ಮೀರಿ ಒಳಗೆ ತಂದಿದ್ದ ಗ್ಯಾಸ್ ಸಿಲಿಂಡರೇ ಕಾರಣವೆಂದು ರೈಲ್ವೆ ಹೇಳಿತು.

ಆದ್ದರಿಂದ ಜನ ಕೂರುವ ಗಾಡಿಗೆ ಸಿಲಿಂಡರ್ ಹತ್ತಿಸಬೇಡಿ. ಊಟಕ್ಕೆ ಛತ್ರವಿದೆ, ದಾಸೋಹವಿದೆ, ಹೋಟೆಲಿದೆ. ಮನೆಯಲ್ಲೂ ಸೋರಿಕೆಯನ್ನು ಸೋಪಿನ ನೊರೆಯಿಂದ ನೋಡಿ, ಕಡ್ಡಿ ಗೀರಿ ನೋಡಬೇಡಿ. ಸುರಕ್ಷಾ ಪೈಪನ್ನು 5 ವರ್ಷಕ್ಕೊಮ್ಮೆ ಬದಲಿಸಿ. ವಾಸನೆ ಬಂದರೆ ಸ್ವಿಚ್ ಮುಟ್ಟದೆ ರೆಗ್ಯುಲೇಟರ್ ಆಫ್ ಮಾಡಿ, ಕಿಟಕಿ ಬಾಗಿಲು ತೆರೆದು, ಹೊರಗೆ ಬಂದು 1906ಕ್ಕೆ ಫೋನ್ ಮಾಡಿ. ಗಾಡಿ ಹೊರಡುವ ಮುನ್ನ ಹಿಂದಿನ ಬಾಗಿಲು ತೆಗೆದು ನೋಡುವ, ಸಿಲಿಂಡರ್ ಇದ್ದರೆ ಕೆಳಗಿಳಿಸುವ ಕೆಲಸ ಯಾತ್ರೆಗೆ ಕರೆದೊಯ್ಯುವ ಹಿರಿಯರದ್ದು.