ಸರ್ವರೋಗಕ್ಕೂ ಫಾರ್ಮ್ಯಾಟು

ವಿಂಡೋಸ್ ಅಪ್‌ಡೇಟ್ ಒಮ್ಮೆ ವಿಫಲವಾಯಿತೆಂದರೆ ಕಂಪ್ಯೂಟರನ್ನು ಫಾರ್ಮ್ಯಾಟ್ ಮಾಡಿಸದೆ ಗತ್ಯಂತರವಿಲ್ಲವೆಂಬ ನಂಬಿಕೆ ನಮ್ಮ ಜನರಲ್ಲಿ ಎಷ್ಟು ದೃಢವಾಗಿ ಬೇರೂರಿದೆಯೆಂದರೆ, ಅದನ್ನು ಪ್ರಶ್ನಿಸಹೊರಟವನನ್ನು ಅವರು ಒಂದು ಬಗೆಯ ಅನುಕಂಪದಿಂದ ನೋಡುತ್ತಾರೆ. ಗೃಹಸ್ಥರು, ವಿದ್ಯಾರ್ಥಿಗಳು, ನಿವೃತ್ತ ಅಧಿಕಾರಿಗಳು, ಅಷ್ಟೇಕೆ, ಕಾಲೇಜಿನಲ್ಲಿ ವಿಜ್ಞಾನವನ್ನು ಬೋಧಿಸತಕ್ಕವರು ಕೂಡ, ಪರದೆಯ ಮೇಲೆ ಅಪ್‌ಡೇಟ್ ಆಗಲಿಲ್ಲವೆಂಬ ಸೂಚನೆ ಮೂಡಿದೊಡನೆ, ಅದರ ಕೆಳಗೇ ಇರುವ ಸಂಖ್ಯೆಯನ್ನು ಓದುವಷ್ಟು ಕುತೂಹಲವನ್ನೂ ತೋರದೆ, ಯಂತ್ರವನ್ನು ಚೀಲಕ್ಕೆ ಹಾಕಿಕೊಂಡು ಅಂಗಡಿಯ ಕಡೆಗೆ ಹೊರಡುತ್ತಾರೆ, ಅಂಗಡಿಯವನೋ, ಅದನ್ನು ತೆರೆದು ನೋಡುವುದಕ್ಕೆ ಮೊದಲೇ ತೀರ್ಪು ಕೊಟ್ಟಿರುತ್ತಾನೆ: “ಫಾರ್ಮ್ಯಾಟ್ ಹೊಡೀಬೇಕು ಸಾರ್, ಸಂಜೆ ಬನ್ನಿ.” ಆ ಸಂಜೆ ಮರುದಿನದ ಮಧ್ಯಾಹ್ನವಾಗುವುದು ಬೇರೆ ಮಾತು.

ಅಪ್‌ಡೇಟ್ ಎಂದರೇನೆಂಬುದನ್ನು ಇಲ್ಲಿ ವಿವರಿಸುವುದು ಅನಾವಶ್ಯಕ. ಅದರ ಒಂದಂಶವನ್ನು ಮಾತ್ರ ಗಮನಕ್ಕೆ ತಂದರೆ ಸಾಕು. ಹೊಸ ಕಡತಗಳು ಅಂತರ್ಜಾಲದಿಂದ ಇಳಿದು, ಅವುಗಳ ಮೇಲೆ ಮೈಕ್ರೋಸಾಫ್ಟಿನ ಡಿಜಿಟಲ್ ಸಹಿ ಇದೆಯೆ ಎಂದು ಪರೀಕ್ಷೆಗೊಳಪಟ್ಟು, ವಿಂಡೋಸಿನ ಉಗ್ರಾಣದಲ್ಲಿ ಸಜ್ಜಾಗಿ ನಿಂತು, ರೀಸ್ಟಾರ್ಟ್ ಮಾಡಿದಾಗ ಹಳೆಯವುಗಳ ಸ್ಥಾನಕ್ಕೆ ಬರುವ ಈ ಕ್ರಮದಲ್ಲಿ ಯಾವ ಹಂತದಲ್ಲಿ ವಿಘ್ನ ಒದಗಿದರೂ, ವ್ಯವಸ್ಥೆಯು ತಾನು ಮಾಡಿದ್ದನ್ನು ತಾನೇ ರದ್ದುಗೊಳಿಸಿ ಪೂರ್ವಸ್ಥಿತಿಗೆ ಮರಳುವಂತೆ ಏರ್ಪಾಡಾಗಿದೆ. ‘ಅಂಡೂಯಿಂಗ್ ಚೇಂಜಸ್’ ಎಂಬ ಯಾವ ಸಂದೇಶವನ್ನು ಕಂಡು ಜನ ಯಂತ್ರದ ಅಂತ್ಯಕಾಲ ಬಂತೆಂದು ಕಂಗೆಡುತ್ತಾರೋ, ಆ ಸಂದೇಶವು ಈ ಏರ್ಪಾಡು ತನ್ನ ಕರ್ತವ್ಯವನ್ನು ಮಾಡುತ್ತಿದೆಯೆಂಬುದರ ಸೂಚನೆ. ಅಪ್‌ಡೇಟ್ ಆಗದೆ ಉಳಿದ ಯಂತ್ರ ಬಹುಪಾಲು ಸಂದರ್ಭಗಳಲ್ಲಿ ನಿನ್ನೆ ಹೇಗಿತ್ತೋ ಇಂದೂ ಹಾಗೆಯೇ ಇರುತ್ತದೆ. ಅದನ್ನು ಸಮೂಲವಾಗಿ ಅಳಿಸಿಹಾಕುವುದು, ನೆಗಡಿ ಬಂತೆಂದು ಮೂಗನ್ನು ಕೊಯ್ದುಕೊಂಡ ಗಾದೆಯ ಜಾಣನಿಗೆ ಒಪ್ಪುವ ಕೆಲಸ.

ಸೂಚನೆಯ ಕೆಳಗಿರುವ ಸಂಖ್ಯೆಯ ಮಾತನ್ನು ಮೊದಲೇ ಎತ್ತಿದೆನಷ್ಟೆ. ಅದನ್ನು ಅಲಂಕಾರಕ್ಕೆಂದು ಯಾರೂ ಅಲ್ಲಿ ಮುದ್ರಿಸಿರುವುದಿಲ್ಲ. 0ಎಕ್ಸ್80070070 ಎಂದಿದ್ದರೆ ಡಿಸ್ಕಿನಲ್ಲಿ ಸ್ಥಳವಿಲ್ಲವೆಂದು ಅರ್ಥ. ಮದುವೆ ಮುಂಜಿಗಳ ವೀಡಿಯೊಗಳನ್ನು ಬೇರೆಡೆಗೆ ಸಾಗಿಸಿ, ಡಿಸ್ಕ್ ಕ್ಲೀನಪ್ ಮಾಡಿ, ಇಪ್ಪತ್ತು ಜಿಬಿಯಷ್ಟು ಜಾಗವನ್ನು ತೆರವು ಮಾಡಿಕೊಟ್ಟರೆ ಅಪ್‌ಡೇಟ್ ತಾನಾಗಿ ಮುಂದುವರಿಯುತ್ತದೆ. 0ಎಕ್ಸ್80073712 ಎಂದಿದ್ದರೆ ಆಗಲೇ ಹೇಳಿದ ಉಗ್ರಾಣದಲ್ಲಿ ಏನೋ ಕೆಟ್ಟಿದೆಯೆಂದು ಅರ್ಥ. ಅದನ್ನು ಸರಿಪಡಿಸುವ ಸಾಧನಗಳು ವಿಂಡೋಸಿನ ಒಳಗೇ ಇವೆ. ಇಷ್ಟನ್ನು ತಿಳಿಯುವುದಕ್ಕೆ ಎಂಜಿನಿಯರಿಂಗ್ ಪದವಿ ಬೇಕಾಗಿಲ್ಲ. ಹತ್ತಂಕಿಯ ಪಿಎನ್‌ಆರ್ ಸಂಖ್ಯೆಯನ್ನು ಕಂಠಪಾಠವಾಗಿ ಒಪ್ಪಿಸಬಲ್ಲ ಮಹನೀಯರು ಈ ಎಂಟಂಕಿಯನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಲು ಏಕೆ ಹಿಂಜರಿಯುತ್ತಾರೆಂಬುದು ನನಗೆ ಇಂದಿಗೂ ಬಗೆಹರಿಯದ ಸಮಸ್ಯೆ.

ಫಾರ್ಮ್ಯಾಟಿನ ಸರ್ವಶಕ್ತಿಯನ್ನು ನಂಬಿದವರಿಗೆ 2024ರ ಜನವರಿ 9ರಂದು ಬಂದ ಒಂದು ಅಪ್‌ಡೇಟಿನ ವೃತ್ತಾಂತವನ್ನು ಹೇಳಬೇಕು. ಡಿಸ್ಕಿಗೆ ಬೀಗ ಹಾಕಿಡುವ ಬಿಟ್‌ಲಾಕರಿನ ರಕ್ಷಣೆಯನ್ನು ತಪ್ಪಿಸಿ ಒಳನುಗ್ಗಲು ಆಸ್ಪದವಿದ್ದ ಒಂದು ದೋಷವನ್ನು ಮುಚ್ಚುವುದಕ್ಕಾಗಿ ವಿಂಡೋಸ್ 10ಕ್ಕೆ ಕಳುಹಿಸಲ್ಪಟ್ಟ ಕೆಬಿ5034441 ಎಂಬ ಆ ಅಪ್‌ಡೇಟು ಲೋಕದ ನಾನಾ ಕಡೆ ಮನೆಯ ಯಂತ್ರಗಳಲ್ಲಿ 0ಎಕ್ಸ್80070643 ಎಂಬ ಸಂಖ್ಯೆಯನ್ನು ತೋರಿಸಿ ಪದೇ ಪದೇ ವಿಫಲವಾಯಿತು. ಕಾರಣವಿಷ್ಟೆ: ಯಂತ್ರ ಕೆಟ್ಟಾಗ ಚೇತರಿಸಿಕೊಳ್ಳುವುದಕ್ಕೆಂದು ಡಿಸ್ಕಿನ ಒಂದು ಮೂಲೆಯಲ್ಲಿ ಗುಪ್ತವಾಗಿ ಇಟ್ಟಿರುವ ರಿಕವರಿ ಪಾರ್ಟಿಷನ್ನಿನಲ್ಲಿ ಈ ಅಪ್‌ಡೇಟಿಗೆ 250 ಎಂಬಿ ಸ್ಥಳ ಬೇಕಾಗಿತ್ತು, ಅನೇಕ ಯಂತ್ರಗಳಲ್ಲಿ ಅಷ್ಟಿರಲಿಲ್ಲ. ಸ್ಥಳ ಸಾಲದೆಂದು ನೇರವಾಗಿ ಹೇಳಬೇಕಾಗಿದ್ದ ಕಡೆ ಬೇರೆ ಸಂಖ್ಯೆ ಬಂದದ್ದು ತಪ್ಪೆಂದು ಮೈಕ್ರೋಸಾಫ್ಟೇ ಒಪ್ಪಿಕೊಂಡಿತು, ಆ ಪಾರ್ಟಿಷನ್ನನ್ನು ಕೈಯಿಂದ ಹಿಗ್ಗಿಸುವ ವಿಧಾನವನ್ನೂ ಪ್ರಕಟಿಸಿತು. ಸಂಖ್ಯೆಗಳೂ ಒಮ್ಮೊಮ್ಮೆ ದಾರಿ ತಪ್ಪಿಸುತ್ತವೆಂಬುದನ್ನು ಇದರಿಂದ ಒಪ್ಪಬೇಕಾದದ್ದೇ; ಆದರೆ ಅಂಗಡಿಯಲ್ಲಿ ಫಾರ್ಮ್ಯಾಟ್ ಮಾಡುವುದು ಸಿ ಡ್ರೈವನ್ನು. ಸಿ ಡ್ರೈವನ್ನು ಎಷ್ಟು ಸಲ ಅಳಿಸಿ ಬರೆದರೂ ಪಕ್ಕದ ಆ ಪಾರ್ಟಿಷನ್ ಒಂದು ಎಂಬಿಯಷ್ಟೂ ಹಿಗ್ಗುವುದಿಲ್ಲವಾದ್ದರಿಂದ, ಹಣ ಕೊಟ್ಟು ಫಾರ್ಮ್ಯಾಟ್ ಮಾಡಿಸಿ ತಂದ ಯಂತ್ರದಲ್ಲಿಯೂ ಅದೇ ಸಂಖ್ಯೆ ಮತ್ತೆ ದರ್ಶನ ಕೊಟ್ಟರೆ ಆಶ್ಚರ್ಯಕ್ಕೆ ಎಡೆಯೆಲ್ಲಿ?

“ಹಾಗಾದರೆ ನಮ್ಮ ಮನೆಯದು ಫಾರ್ಮ್ಯಾಟ್ ಮಾಡಿಸಿದ ಮೇಲೆ ಸರಿಹೋಯಿತಲ್ಲ?” ಎಂಬ ಪ್ರಶ್ನೆ ಇಲ್ಲಿ ಏಳತಕ್ಕದ್ದೇ. ಸರಿಹೋಗುವುದುಂಟು, ಅದಕ್ಕೆ ಕಾರಣಗಳೂ ಉಂಟು. ತುಂಬಿದ್ದ ಡಿಸ್ಕು ಬರಿದಾದದ್ದರಿಂದ ಸ್ಥಳದ ತೊಂದರೆ ಪರಿಹಾರವಾಗಿರಬಹುದು. ಅಥವಾ ಅಂಗಡಿಯವನು ಹಾಕಿದ ವಿಂಡೋಸ್ ಪ್ರತಿಯಲ್ಲಿ ಆ ಅಪ್‌ಡೇಟ್ ಮೊದಲೇ ಸೇರಿರಬಹುದು. ಮೂರನೆಯದೊಂದಿದೆ, ಅದು ಹೆಚ್ಚು ರಸವತ್ತಾದದ್ದು. ಲ್ಯಾಪ್‌ಟಾಪಿನ ಜೊತೆಯಲ್ಲಿಯೇ ಬಂದಿದ್ದ ಸಾಚಾ ವಿಂಡೋಸನ್ನು ಅಳಿಸಿ, ಅದರ ಸ್ಥಾನದಲ್ಲಿ ಕ್ರ್ಯಾಕ್ ಮಾಡಿದ ಪ್ರತಿಯೊಂದನ್ನು ಕೂರಿಸಿ, ಮುಂದೆ ತಂಟೆ ಬಾರದಿರಲೆಂದು ಅಪ್‌ಡೇಟ್ ಸೇವೆಯನ್ನೇ ಬಂದ್ ಮಾಡಿ ಕಳುಹಿಸುವ ಪದ್ಧತಿ ನಮ್ಮಲ್ಲಿ ಅಪರೂಪವೇನಲ್ಲ. ಅಂಥ ಯಂತ್ರದಲ್ಲಿ ಅಪ್‌ಡೇಟ್ ವಿಫಲವಾಯಿತೆಂಬ ಸಂದೇಶ ಎಂದೆಂದಿಗೂ ಬಾರದು. ಯಜಮಾನರು ಸಂತುಷ್ಟರಾಗಿ ನಾಲ್ಕು ಜನರಿಗೆ ಅದೇ ಚಿಕಿತ್ಸೆಯನ್ನು ಶಿಫಾರಸು ಮಾಡುತ್ತಾರೆ.

ಈ ಚಿಕಿತ್ಸೆಗೆ ತೆರುವ ಬೆಲೆ ಅಂಗಡಿಯ ಬಿಲ್ಲಿನಲ್ಲಿ ಕಾಣುವುದಿಲ್ಲ. “ಸಿ ಡ್ರೈವಲ್ಲಿ ಏನಾದ್ರೂ ಇದೆಯಾ ಸಾರ್?” ಎಂದು ಕೇಳಿದಾಗ, “ಏನೂ ಇಲ್ಲ, ಎಲ್ಲಾ ಡೆಸ್ಕ್‌ಟಾಪಿನಲ್ಲೇ ಇದೆ” ಎಂದು ನಿಶ್ಚಿಂತೆಯಿಂದ ಉತ್ತರಿಸುವವರು, ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್ ಇವು ಮೂರೂ ಸಾಮಾನ್ಯವಾಗಿ ಆ ಸಿ ಡ್ರೈವಿನ ಒಳಗೇ ಇರತಕ್ಕವೆಂಬುದನ್ನು ತಿಳಿಯುವ ಹೊತ್ತಿಗೆ ಮಗಳ ಮದುವೆಯ ಚಿತ್ರಗಳು, ಟ್ಯಾಲಿಯ ಲೆಕ್ಕ, ಅರ್ಧ ಬರೆದ ಪ್ರಬಂಧ ಎಲ್ಲವೂ ಅಳಿದಿರುತ್ತವೆ. ಕನ್ನಡದಲ್ಲಿ ಬರೆಯುವವರ ಪಾಡು ಇನ್ನೂ ವಿಚಿತ್ರ. ಯೂನಿಕೋಡಿಗೆ ಮುಂಚಿನ ನುಡಿ ಅಥವಾ ಬರಹ ಅಕ್ಷರಗಳಲ್ಲಿ ಟೈಪ್ ಮಾಡಿದ ಹಳೆಯ ಲೇಖನಗಳು ಡಿ ಡ್ರೈವಿನಲ್ಲಿ ಸುರಕ್ಷಿತವಾಗಿ ಉಳಿದಿದ್ದರೂ, ಫಾಂಟುಗಳು ಸಿ ಡ್ರೈವಿನೊಡನೆ ಹೋದದ್ದರಿಂದ, ತೆರೆದು ನೋಡಿದರೆ ಕನ್ನಡದ ಬದಲು ಅರ್ಥವಿಲ್ಲದ ಚಿಹ್ನೆಗಳ ಸಾಲು ಕಾಣಿಸುತ್ತದೆ. ಆಗ “ಅಪ್‌ಡೇಟ್ ನಮ್ಮ ಫೈಲುಗಳನ್ನೆಲ್ಲ ಕೆಡಿಸಿತು” ಎಂಬ ಹೊಸ ನಂಬಿಕೆಯೊಂದು ಜನ್ಮ ತಳೆಯುತ್ತದೆ. ಫಾಂಟನ್ನು ಮತ್ತೆ ಹಾಕಿದರೆ ಲೇಖನ ಮೊದಲಿನಂತೆ ಓದಲು ಬರುತ್ತದೆಂದು ಹೇಳಿದರೆ, ಕೇಳುವ ವ್ಯವಧಾನ ಯಾರಿಗಿದೆ?

ಫಾರ್ಮ್ಯಾಟಿಗೆ ಮೊದಲು ಮಾಡಬಹುದಾದದ್ದು ಬೇಕಾದಷ್ಟಿದೆ. ರೀಸ್ಟಾರ್ಟ್ ಮಾಡಿ, ಹೊರಗಿನ ಹಾರ್ಡ್ ಡಿಸ್ಕು ಪೆನ್‌ಡ್ರೈವುಗಳನ್ನು ಕಿತ್ತು, ಸ್ಥಳ ನೋಡಿಕೊಂಡು, ಮತ್ತೊಮ್ಮೆ ಪ್ರಯತ್ನಿಸುವುದು ಮೊದಲನೆಯದು. ಇಳಿಸಿಕೊಂಡ ಕಡತಗಳೇ ಕೆಟ್ಟಿದ್ದರೆ, ಅಪ್‌ಡೇಟ್ ಸೇವೆಯನ್ನು ಸ್ವಲ್ಪ ಹೊತ್ತು ನಿಲ್ಲಿಸಿ ವಿಂಡೋಸ್ ಫೋಲ್ಡರಿನ ಒಳಗಿನ ಸಾಫ್ಟ್‌ವೇರ್‌ಡಿಸ್ಟ್ರಿಬ್ಯೂಷನ್ ಎಂಬ ಫೋಲ್ಡರಿನ ಹೆಸರನ್ನು ಬದಲಿಸಿದರೆ, ವಿಂಡೋಸ್ ಹೊಸದಾಗಿ ಎಲ್ಲವನ್ನೂ ಇಳಿಸಿಕೊಳ್ಳುತ್ತದೆ. ಉಗ್ರಾಣ ಕೆಟ್ಟಿದ್ದರೆ, ಅಡ್ಮಿನಿಸ್ಟ್ರೇಟರ್ ಆಗಿ ತೆರೆದ ಕಮಾಂಡ್ ಪ್ರಾಂಪ್ಟಿನಲ್ಲಿ ಮೊದಲು ಡಿಐಎಸ್‌ಎಂ ಎಂಬ ಆಜ್ಞೆಯನ್ನು ರಿಸ್ಟೋರ್‌ಹೆಲ್ತ್ ಆಯ್ಕೆಯೊಡನೆ ನಡೆಸಿ, ಆಮೇಲೆ ಎಸ್‌ಎಫ್‌ಸಿ ಸ್ಕ್ಯಾನ್‌ನೌ ನಡೆಸತಕ್ಕದ್ದು; ಮೊದಲನೆಯದು ಶೇಕಡ 62.3ಕ್ಕೆ ಬಂದು ಬಹಳ ಹೊತ್ತು ನಿಂತುಬಿಡುವುದು ಬಲ್ಲವರಲ್ಲಿ ಪ್ರಸಿದ್ಧ, ಅದಕ್ಕೆ ಗಾಬರಿಪಡಬೇಕಾಗಿಲ್ಲ. ಇದಾವುದೂ ಫಲಿಸದಿದ್ದಲ್ಲಿ, ಮೈಕ್ರೋಸಾಫ್ಟಿನಿಂದ ವಿಂಡೋಸನ್ನು ಇಳಿಸಿಕೊಂಡು, ಈಗಿರುವ ವಿಂಡೋಸಿನ ಒಳಗಿನಿಂದಲೇ ಅದರ ಸೆಟಪ್ ನಡೆಸಿ, ಕಡತಗಳನ್ನೂ ತಂತ್ರಾಂಶಗಳನ್ನೂ ಉಳಿಸಿಕೊಳ್ಳುವ ಆಯ್ಕೆಯನ್ನು ಆರಿಸಿದರೆ, ವ್ಯವಸ್ಥೆ ಹೊಸದಾಗುತ್ತದೆ, ಮನೆಯವರ ಸಾಮಗ್ರಿ ಇದ್ದಲ್ಲೇ ಇರುತ್ತದೆ. ಹಾರ್ಡ್ ಡಿಸ್ಕೇ ಸಾಯುತ್ತಿದ್ದರೆ ಅದನ್ನು ಬದಲಿಸಬೇಕು; ಅಲ್ಲಿಯೂ ಫಾರ್ಮ್ಯಾಟು ನಿಷ್ಪ್ರಯೋಜಕ.

ಉಳಿದ ನಂಬಿಕೆಗಳಿಗೆ ಇಷ್ಟು ಸ್ಥಳ ಕೊಡುವ ತಾಳ್ಮೆ ನನಗಿಲ್ಲ. ಶೇಕಡಾಂಶ ಒಂದೇ ಕಡೆ ನಿಂತಿದೆಯೆಂದು ಸ್ವಿಚ್ ಆರಿಸುವವರು, ಹಳೆಯ ಹಾರ್ಡ್ ಡಿಸ್ಕಿನ ಯಂತ್ರದಲ್ಲಿ ಈ ಕೆಲಸಕ್ಕೆ ಗಂಟೆಗಟ್ಟಲೆ ಬೇಕಾಗಬಹುದೆಂದೂ, ಡಿಸ್ಕಿನ ದೀಪ ಮಿನುಗುತ್ತಿರುವವರೆಗೆ ಕೆಲಸ ನಡೆಯುತ್ತಿದೆಯೆಂದೂ ತಿಳಿಯಲಿ. ನೀಲಿ ಪರದೆಯಲ್ಲಿ 48 ಅಂಕಿಗಳ ಕೀಲಿಯನ್ನು ಕೇಳಿದರೆ ಅದು ವೈರಸ್ಸಿನ ಹಾವಳಿಯಲ್ಲ, ಬಿಟ್‌ಲಾಕರಿನ ಕಾವಲು. ಕೀಲಿ ಸಾಮಾನ್ಯವಾಗಿ ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿಯೇ ಇರುತ್ತದೆ. ದೋಷದ ಸಂದೇಶದಲ್ಲಿ ಫೋನ್ ನಂಬರ್ ಇದ್ದರೆ ಅದು ವಂಚಕರದು. ಮೈಕ್ರೋಸಾಫ್ಟಿನ ಸಂದೇಶಗಳಲ್ಲಿ ಫೋನ್ ನಂಬರ್ ಇರುವುದಿಲ್ಲ. ಟಿಪಿಎಂ 2.0 ಎಂಬ ಭದ್ರತಾವ್ಯವಸ್ಥೆಯಿಲ್ಲದ ಹಳೆಯ ಯಂತ್ರ ವಿಂಡೋಸ್ 11ಕ್ಕೆ ಏರಲೊಲ್ಲದಿದ್ದರೆ ಅದಕ್ಕೂ ಫಾರ್ಮ್ಯಾಟೇ ಮದ್ದೆನ್ನುವವರಿದ್ದಾರೆ. ಅಳಿಸಿದ ಮಾತ್ರಕ್ಕೆ ಇಲ್ಲದ ಚಿಪ್ಪು ಹುಟ್ಟೀತೆ? 2024ರ ಜುಲೈ 19ರಂದು ಬೆಂಗಳೂರಿನದೂ ಸೇರಿದಂತೆ ಅನೇಕ ವಿಮಾನ ನಿಲ್ದಾಣಗಳಲ್ಲಿ ಕಂಪ್ಯೂಟರುಗಳು ಕುಸಿದುಬಿದ್ದದ್ದು ವಿಂಡೋಸ್ ಅಪ್‌ಡೇಟಿನಿಂದಲ್ಲ, ಕ್ರೌಡ್‌ಸ್ಟ್ರೈಕ್ ಎಂಬ ಬೇರೊಂದು ಸಂಸ್ಥೆಯ ಭದ್ರತಾ ತಂತ್ರಾಂಶದ ದೋಷಯುಕ್ತ ಕಡತದಿಂದ. ಇನ್ನು, ಈ ಅಪ್‌ಡೇಟುಗಳು ಪ್ರತಿ ತಿಂಗಳ ಎರಡನೆಯ ಮಂಗಳವಾರ ಹೊರಡುತ್ತವೆಂದು ಹೇಳಲು ನನಗೆ ಸ್ವಲ್ಪ ಅಳುಕು. ಮಂಗಳವಾರ ಹೊಸ ಕೆಲಸಕ್ಕೆ ಕೈಹಾಕಬಾರದೆಂಬವರು ಸಕಲ ವೈಫಲ್ಯಕ್ಕೂ ಇದೇ ಕಾರಣವೆಂದು ಹೊರಟಾರು.

ಅಪ್‌ಡೇಟನ್ನು ಶಾಶ್ವತವಾಗಿ ನಿಲ್ಲಿಸಿಬಿಡುವುದೇ ಜಾಣತನವೆಂಬವರಿಗೆ ಎರಡು ಮಾತು ಸಲ್ಲಬೇಕು, ಏಕೆಂದರೆ ಅವರ ಭಯ ತೀರ ನಿರಾಧಾರವಲ್ಲ. 2018ರ ಅಕ್ಟೋಬರಿನಲ್ಲಿ ಬಿಡುಗಡೆಯಾದ ವಿಂಡೋಸ್ 10ರ ಒಂದು ಆವೃತ್ತಿ ಕೆಲವರ ಡಾಕ್ಯುಮೆಂಟುಗಳನ್ನೇ ಅಳಿಸಿಹಾಕಿ, ಕೆಲವೇ ದಿನಗಳಲ್ಲಿ ಹಿಂದಕ್ಕೆ ಪಡೆಯಲ್ಪಟ್ಟಿತು. ಬ್ಯಾಕಪ್ ಇಟ್ಟುಕೊಳ್ಳಿರೆಂಬುದಕ್ಕೆ ಅದು ನಿದರ್ಶನ. ಬಾಗಿಲನ್ನು ತೆರೆದಿಟ್ಟು ಮಲಗಿರೆಂಬುದಕ್ಕಲ್ಲ. 2017ರ ಮೇ 12ರಂದು ವಾನಾಕ್ರೈ ಎಂಬ ದುಷ್ಟ ತಂತ್ರಾಂಶ ಲೋಕವನ್ನೆಲ್ಲ ಕಾಡಿ, ಇಂಗ್ಲೆಂಡಿನ ಆಸ್ಪತ್ರೆಗಳನ್ನೂ ತತ್ತರಿಸುವಂತೆ ಮಾಡಿದಾಗ, ಅದು ಒಳನುಗ್ಗಿದ ದಾರಿಯನ್ನು ಮುಚ್ಚುವ ಅಪ್‌ಡೇಟು ಅದೇ ವರ್ಷದ ಮಾರ್ಚ್ 14ರಂದೇ ಹೊರಬಂದಿತ್ತು.

ಇಷ್ಟಾದರೂ ನನ್ನ ಅಸಮಾಧಾನ ಕಂಪ್ಯೂಟರಿಗೆ ಮಾತ್ರ ಸಂಬಂಧಿಸಿದ್ದಲ್ಲ. ಕಾರಣವನ್ನು ಹುಡುಕುವ ಶ್ರಮವನ್ನು ತಪ್ಪಿಸುವ ಯಾವ ಪರಿಹಾರವನ್ನಾದರೂ ನಾವು ಪರಮಸತ್ಯವೆಂದು ಸ್ವೀಕರಿಸುತ್ತೇವೆ. ವಾಟ್ಸ್ಯಾಪಿನಲ್ಲಿ ಬಂದ ಮಾತು, ಪಕ್ಕದ ಮನೆಯವರ ಅಳಿಯ ಸಾಫ್ಟ್‌ವೇರಿನಲ್ಲಿರುವುದರಿಂದ ಆತ ಆಡಿದ ಮಾತು, ಅಂಗಡಿಯವನ ಗಂಭೀರವದನ, ಇವಿಷ್ಟಿದ್ದರೆ ಪ್ರಮಾಣಕ್ಕೆ ಬೇರೇನೂ ಬೇಡ. ಫಾರ್ಮ್ಯಾಟು ರೋಗದೊಡನೆ ರೋಗದ ಗುರುತನ್ನೂ ಅಳಿಸುವುದರಿಂದ, ರೋಗವೇನಾಗಿತ್ತೆಂದು ಆಮೇಲೆ ಕೇಳುವಂತೆಯೂ ಇಲ್ಲ. ಸೋಲಿನ ಸಾಕ್ಷ್ಯವೇ ಉಳಿಯದ ಚಿಕಿತ್ಸೆಗೆ ಕೀರ್ತಿ ಬರುವುದು ಸಹಜ.

ಅಂಗಡಿಗೆ ಹೋಗಲೇಬೇಕಾದರೆ ಹೋಗಿ. ಪ್ರಾಮಾಣಿಕರೂ ಕುಶಲಿಗಳೂ ಆದ ರಿಪೇರಿಯವರು ನಮ್ಮ ಊರುಗಳಲ್ಲಿ ಧಾರಾಳವಾಗಿ ಇದ್ದಾರೆ. ಆದರೆ ಫಾರ್ಮ್ಯಾಟ್ ಎಂಬ ಮಾತು ಬಂದಾಗ, ಬಂದ ದೋಷಸಂಖ್ಯೆ ಯಾವುದು, ಅದರ ಅರ್ಥವೇನು ಎಂದು ಒಂದು ಸಲ ಕೇಳಿ. ಉತ್ತರ ಬಾರದಿದ್ದರೆ ಯಂತ್ರವನ್ನು ಚೀಲಕ್ಕೆ ಹಾಕಿಕೊಂಡು ಇನ್ನೊಂದು ಅಂಗಡಿಯನ್ನು ನೋಡಿ.