ಲ್ಯಾಪ್‌ಟಾಪ್‌ನಲ್ಲಿ ಎಂಟು ಕೋರ್, ದುಡಿಯುವುದು ಒಂದೇ: ಪ್ಯಾರಲಲ್ ಪ್ರೋಗ್ರಾಮಿಂಗ್ ಮನೆಯಲ್ಲೇ ಕಲಿಯಿರಿ

ಮಳೆಗಾಲದಲ್ಲಿ ಕಾಸರಗೋಡಿಗೆ ರೆಡ್ ಅಲರ್ಟ್ ಅಂತ ಮೊಬೈಲಿಗೆ ಮೆಸೇಜ್ ಬಂದರೆ, ಶಾಲೆಗೆ ರಜೆ ಉಂಟಾ ಅಂತ ನೋಡಿ ಸುಮ್ಮನಾಗುತ್ತೇವೆ. ಆದರೆ ಹವಾಮಾನದ ಲೆಕ್ಕ ಹಾಕಲೆಂದೇ ಪುಣೆಯಲ್ಲಿ 'ಅರ್ಕ', ನೋಯ್ಡಾದಲ್ಲಿ 'ಅರುಣಿಕಾ' ಎಂಬ ಸೂಪರ್ ಕಂಪ್ಯೂಟರ್‌ಗಳಿವೆ. 2024ರ ಸೆಪ್ಟೆಂಬರ್‌ನಲ್ಲಿ ಇವು ಉದ್ಘಾಟನೆಗೊಂಡವು. ಅಲ್ಲಿ ಒಂದೇ ಲೆಕ್ಕವನ್ನು ಸಾವಿರಾರು ಕೋರ್‌ಗಳು ಹಂಚಿಕೊಂಡು ಏಕಕಾಲಕ್ಕೆ ಮಾಡುತ್ತವೆ. ಹೀಗೆ ಕೆಲಸ ಹಂಚಿ ಪ್ರೋಗ್ರಾಂ ಬರೆಯುವುದೇ ಪ್ಯಾರಲಲ್ ಪ್ರೋಗ್ರಾಮಿಂಗ್.

ಮದುವೆ ಮನೆಯ ಬಿರಿಯಾನಿಯನ್ನೇ ತೆಗೆದುಕೊಳ್ಳಿ. ಒಬ್ಬನೇ ಮಾಡಿದರೆ 10 ಗಂಟೆ ಬೇಕು ಅಂತಿಟ್ಟುಕೊಳ್ಳೋಣ. ನೀರುಳ್ಳಿ ಹೆಚ್ಚುವುದು, ಮಾಂಸ ತೊಳೆಯುವುದು ಎಲ್ಲ ಸೇರಿ 9 ಗಂಟೆ, ದಮ್‌ಗೆ 1 ಗಂಟೆ. ಎಂಟು ಜನ ಕೈಹಾಕಿದರೆ ಆ 9 ಗಂಟೆಯ ಕೆಲಸ ಒಂದು ಗಂಟೆ ಎಂಟು ನಿಮಿಷದೊಳಗೆ ಮುಗಿಯುತ್ತದೆ. ಆದರೆ ದಮ್‌ಗೆ ಎಷ್ಟು ಜನ ಸುತ್ತ ನಿಂತರೂ ಒಂದು ಗಂಟೆ ಬೇಕೇ ಬೇಕು. ಹಾಗಾಗಿ ವೇಗ ಎಂಟು ಪಟ್ಟು ಆಗದು, ಐದು ಪಟ್ಟಿನ ಹತ್ತಿರ ನಿಲ್ಲುತ್ತದೆ. ನೂರು ಜನ ಬಂದರೂ ಹತ್ತು ಪಟ್ಟು ದಾಟದು. 1967ರಲ್ಲಿ ಜೀನ್ ಅಮ್ಡಾಲ್ ಹೇಳಿದ್ದು ಇದನ್ನೇ.

ಇನ್ನೊಂದು ತೊಂದರೆ ಲೆಕ್ಕದ ಪುಸ್ತಕದ್ದು. ಪುಸ್ತಕದಲ್ಲಿ ಒಟ್ಟು 5,000 ರೂಪಾಯಿ ಇದೆ. ಇಬ್ಬರು ಒಟ್ಟಿಗೇ ನೋಡಿ, ಒಬ್ಬ 500 ಸೇರಿಸಿ 5,500 ಅಂತ ಬರೆದ, ಇನ್ನೊಬ್ಬ 1,000 ಸೇರಿಸಿ ಅದರ ಮೇಲೆಯೇ 6,000 ಅಂತ ಬರೆದ. ಇರಬೇಕಾದ್ದು 6,500! ಕಂಪ್ಯೂಟರ್‌ನಲ್ಲೂ ಕೋರ್‌ಗಳು ಹೀಗೆಯೇ ಎಡವುತ್ತವೆ. ಇದಕ್ಕೆ ರೇಸ್ ಕಂಡಿಷನ್ ಎನ್ನುತ್ತಾರೆ. ಪ್ರತಿಯೊಬ್ಬರಿಗೂ ಬೇರೆ ಚೀಟಿ ಕೊಟ್ಟು, ಕೊನೆಗೆ ಎಲ್ಲವನ್ನೂ ಕೂಡಿಸುವುದು ಒಂದು ಪರಿಹಾರ.

ಇದೆಲ್ಲ ವಿಡಿಯೋ ನೋಡಿದರೆ ಮಾತ್ರ ತಲೆಗೆ ಹತ್ತುವುದಿಲ್ಲ, ಕೈಯಾರೆ ಮಾಡಿ ತಪ್ಪಬೇಕು. ಹಾಗಾಗಿಯೇ ಇಂಟರಾಕ್ಟಿವ್ ಕೋರ್ಸ್‌ಗಳು ಉಪಯೋಗಕ್ಕೆ ಬರುತ್ತವೆ. ಕಾರ್ನೆಲ್ ವಿಶ್ವವಿದ್ಯಾನಿಲಯದ ವರ್ಚುವಲ್ ವರ್ಕ್‌ಶಾಪ್‌ನಲ್ಲಿ ಓಪನ್‌ಎಂಪಿ, ಎಂಪಿಐ ಪಾಠಗಳನ್ನು ಉಚಿತವಾಗಿ ಓದಬಹುದು. ಎನ್‌ವಿಡಿಯಾದ ಕೋರ್ಸ್‌ಗಳಲ್ಲಿ ಬ್ರೌಸರ್‌ನಲ್ಲೇ ಜಿಪಿಯು ಮೇಲೆ ಅಭ್ಯಾಸ ಮಾಡಬಹುದು. ಕೆಲವು ಉಚಿತ, ಕೆಲವಕ್ಕೆ ಶುಲ್ಕವಿದೆ. ಗೂಗಲ್ ಕೊಲ್ಯಾಬ್‌ನಲ್ಲಿ ಮಿತಿಯೊಳಗೆ ಜಿಪಿಯು ಉಚಿತ. ನಮ್ಮ ದೇಶದ್ದೇ ಆದ ಎನ್‌ಪಿಟೆಲ್‌ನಲ್ಲಿ ಐಐಟಿ ಅಧ್ಯಾಪಕರ ಪಾಠ, ವಾರವಾರದ ಅಸೈನ್‌ಮೆಂಟ್ ಉಚಿತ. ಸರ್ಟಿಫಿಕೇಟ್ ಬೇಕಿದ್ದರೆ ಮಾತ್ರ ಶುಲ್ಕ ಕಟ್ಟಿ, ಕೇಂದ್ರಕ್ಕೆ ಹೋಗಿ ಪರೀಕ್ಷೆ ಬರೆಯಬೇಕು.

ಶುರು ಎಲ್ಲಿಂದ? ಮೊದಲು ಸಿ ಭಾಷೆಯ ಲೂಪ್, ಅರೇ, ಫಂಕ್ಷನ್ ಗಟ್ಟಿ ಮಾಡಿಕೊಳ್ಳಿ. ನಂತರ ಪೈ ಬೆಲೆ ಲೆಕ್ಕ ಹಾಕುವ ಸಣ್ಣ ಪ್ರೋಗ್ರಾಂ ಬರೆದು, ಅದರ ಲೂಪ್ ಮೇಲೆ ಓಪನ್‌ಎಂಪಿಯ ಒಂದು ಸಾಲು ಹಾಕಿ. ಉತ್ತರ ತಪ್ಪಿ ಬಂದರೆ ಹೆದರಬೇಡಿ, ಅದೇ ಲೆಕ್ಕದ ಪುಸ್ತಕದ ಗಲಾಟೆ. ಸರಿಪಡಿಸಿ, 1, 2, 4, 8 ಕೋರ್‌ಗಳಲ್ಲಿ ಎಷ್ಟು ಸೆಕೆಂಡ್ ಹಿಡಿಯಿತು ಅಂತ ಬರೆದಿಡಿ.

ಪಾಠ ಹೆಚ್ಚಾಗಿ ಇಂಗ್ಲಿಷ್‌ನಲ್ಲಿದೆ ಅಂತ ಹಿಂಜರಿಯಬೇಡಿ. ಇಬ್ಬರು ಮೂವರು ಸೇರಿ ಕಲಿತು, ಗೊತ್ತಾದದ್ದನ್ನು ಮನೆಮಾತಿನಲ್ಲೇ ಒಬ್ಬರಿಗೊಬ್ಬರು ಹೇಳಿಕೊಡಿ. ಸಾವಿರಾರು ರೂಪಾಯಿ ಕೊಟ್ಟು ಕೋಚಿಂಗ್‌ಗೆ ಸೇರುವ ಮುಂಚೆ, ಒಂದು ತಿಂಗಳು ಹೀಗೆ ಮಾಡಿ ನೋಡಿ. ಸಂದರ್ಶನದಲ್ಲಿ ತೋರಿಸಲು ಸರ್ಟಿಫಿಕೇಟ್‌ಗಳ ಕಟ್ಟಿಗಿಂತ, ನೀವೇ ಬರೆದು ಅಳೆದು ನೋಡಿದ ಆ ಒಂದು ಪ್ರೋಗ್ರಾಂ ಹೆಚ್ಚು ತೂಕದ್ದು.